ಪರ್ವತಿ ಬುಡದ ಕೌದಿ ಅಕ್ಕಾರು: 11 ವಾರ ಕಾದು ತಂದ ಕೌದಿಯ ಕತೆ

ಮೊದಲೇ ಹೇಳಿಬಿಡುತ್ತೇನೆ, ಅವಸರದವರು ಈ ಕೌದಿಯ, ಅಂದರೆ ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆಯ, ಉಸಾಬರಿಗೆ ಹೋಗಬೇಡಿ. ಆರು ವಾರ ಅಂದದ್ದು ಹನ್ನೊಂದು ವಾರ ಆಯಿತು. ಹೊಲಿಯುವ ಅಕ್ಕಾರು ರಸೀದಿ ಕೊಡುವುದಿಲ್ಲ. ಫೋನ್ ಎತ್ತುವುದಿಲ್ಲ. ಮಧ್ಯಾಹ್ನ ಎರಡರಿಂದ ಐದರ ತನಕ ಬಾಗಿಲು ಬಡಿದರೂ ತೆಗೆಯುವುದಿಲ್ಲ, ಅದು ಹೊಲಿಗೆಯ ಹೊತ್ತು. ಅಳತೆ ಉದ್ದದಲ್ಲಿ ನಾಲ್ಕು ಇಂಚು ಕಡಿಮೆ ಬಂತು. ಇಷ್ಟಾದ ಮೇಲೂ ಎರಡನೇ ಕೌದಿಗೆ ಸೀರೆ ಕೊಟ್ಟು ಬಂದಿದ್ದೇನೆ. ನಿನಗೆ ತಲೆ ನೆಟ್ಟಗಿದೆಯಾ ಅಂತ ನಮ್ಮ ಮನೆಯವರು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಉದ್ದ ಮಾಡಿ ಬರೆದಿದ್ದೇನೆ.

ಸೀರೆಗಳು ನಮ್ಮವ್ವನವು. ಗದಗಿನಲ್ಲಿ ಅಣ್ಣ ಹಳೇ ಮನೆ ರಿಪೇರಿಗೆ ತೆಗೆದಾಗ ಸಂದೂಕ ಖಾಲಿ ಮಾಡಬೇಕಾಯಿತು. ಅವ್ವನಿಗೆ ಈಗ 84. ಒಂದು ಸಲ ನೈಟಿಯ ಸುಖ ಕಂಡ ಮೇಲೆ ಸೀರೆ ಮುಟ್ಟುವುದಿಲ್ಲ. "ಒಯ್ದು ಏನರ ಮಾಡ್ಕೋರಿ, ನನಗ ಬ್ಯಾಡ" ಅಂದಳಂತೆ. ಅಣ್ಣ ಹನ್ನೊಂದು ಸೀರೆ ಚೀಲಕ್ಕೆ ತುಂಬಿ, ಪುಣೆಯ ಸ್ವಾರಗೇಟಿಗೆ ಬರುವ ಬಸ್ಸಿನಲ್ಲಿ ಪರಿಚಯದವರ ಕೈಲಿ ಕಳಿಸಿದ. ನಮ್ಮದು ಎರಡು ಕೋಣೆಯ ಮನೆ, ಕಪಾಟಿನಲ್ಲಿ ಒಂದು ಕರವಸ್ತ್ರಕ್ಕೂ ಜಾಗ ಇಲ್ಲ.

ಕೌದಿ ಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಹಿಂದಿನ ಚಳಿಗಾಲಕ್ಕೆ ಮಶಿನ್ ಹೊಲಿಗೆಯ ಗೋಧಡಿ ತರಿಸಿದ್ದೆ, 1,400 ರೂಪಾಯಿ. ಯಾವ ಅಂಗಡಿ ಅಂತ ಬರೆಯುವುದಿಲ್ಲ, ಎಲ್ಲ ಕಡೆಯೂ ಸಿಗುವುದು ಅದೇ ಮಾಲು. ಮೇಲೆ ಚಂದದ ಹೂವಿನ ಅರಿವೆ, ಒಳಗೆ ಪಾಲಿಯೆಸ್ಟರ್ ಹಿಂಜು. ಆರು ಸಲ ಒಗೆಯುವಷ್ಟರಲ್ಲಿ ಹಿಂಜೆಲ್ಲ ಕಾಲ ಕಡೆ ಹೋಗಿ ಉಂಡೆಗಟ್ಟಿತು. ಎದೆ ಮೇಲೆ ಬರೀ ಎರಡು ಪದರು ಬಟ್ಟೆ, ಪಾದದ ಮೇಲೆ ತಲೆದಿಂಬು. ಪುಣೆಯ ಡಿಸೆಂಬರ್ ಚಳಿ ಬೆಳಗಿನ ನಾಲ್ಕಕ್ಕೆ ಹೇಗೆ ಎದ್ದು ಕೂರಿಸುತ್ತದೆ ಅನ್ನುವುದು ಇಲ್ಲಿದ್ದವರಿಗೆ ಗೊತ್ತು.

ಅಕ್ಕಾರಿಗೆ ಬೋರ್ಡಿಲ್ಲ, ಅಂಗಡಿಯಿಲ್ಲ. ನಮ್ಮ ಬಿಲ್ಡಿಂಗಿನ ಬಾಗಲಕೋಟೆ ಕಡೆಯ ಹೆಣ್ಣುಮಗಳೊಬ್ಬಳು ಹೇಳಿ ಕಳಿಸಿದಳು. ಪರ್ವತಿ ಗುಡ್ಡದ ಬುಡದಲ್ಲಿ ಹಳೇ ಕಟ್ಟಡ, ಮೊದಲ ಮಹಡಿ. ವಯಸ್ಸು 77. ನಾನು ರೂಢಿಯಂತೆ "ಆಯೀ" ಅಂತ ಕರೆದೆ. ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ, ಯಾವುದಾದರೂ ನಡೆದೀತು ಅಂದುಕೊಂಡಿದ್ದೆ. ಅವರು ಕನ್ನಡಕ ಇಲ್ಲದ ಕಣ್ಣಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆಷ್ಟು ವಯಸ್ಸು?" ಅಂದರು. 57 ಅಂದೆ. "ಹಂಗಾರ ನಾ ಹ್ಯಾಂಗ ನಿನ್ನ ಆಯಿ? ಅಕ್ಕಾ ಅನ್ನು." ಅಂದಿನಿಂದ ಅಕ್ಕಾರು.

ಚೀಲ ಬಿಚ್ಚಿ ಹನ್ನೊಂದೂ ಸೀರೆ ನೆಲಕ್ಕೆ ಹಾಕಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಮೂಲೆಯ ಒಂದೆಳೆ ಎಳೆದು ನೋಡಿದರು. ಬ್ಯಾಂಕಿನಲ್ಲಿ ನಾನು ನೋಟು ನೋಡುವ ಹಾಗೆಯೇ. ಐದು ಪಾಸಾದವು. ನಾಲ್ಕು ಸಿಂಥೆಟಿಕ್ ಅಂತ ಸರಿಸಿದರು: ಸೂಜಿ ಜಾರುತ್ತದೆ, ಮೈಗೆ ಬೆವರು ಬಿಡಿಸುತ್ತದೆ. ಒಂದು ಜೀರ್ಣವಾಗಿತ್ತು, ಎಳೆದಲ್ಲೇ ಪಿಸಿಯಿತು. ಹನ್ನೊಂದನೆಯದು ಅವ್ವ ನನ್ನ ಮದುವೆಯಲ್ಲಿ ಉಟ್ಟ ರೇಷ್ಮೆ. ಅದನ್ನೇ ನಡುವಿಗೆ ಹಾಕಿಸಬೇಕು ಅಂತ ನನ್ನ ಆಸೆ. "ಇದನ್ನ ಹರದ್ರ ನಿಮ್ಮವ್ವ ಸುಮ್ಮನಿರತಾಳು, ನಾ ಸುಮ್ಮನಿರಂಗಿಲ್ಲ. ಮಡಚಿ ಇಡು" ಅಂದು ಚೀಲಕ್ಕೆ ವಾಪಸು ಹಾಕಿದರು. ಗಿರಾಕಿ ಅನ್ನುವ ಮುಲಾಜು ಅವರ ಹತ್ತಿರ ನಡೆಯುವುದಿಲ್ಲ.

ಲೆಕ್ಕ ಹೀಗೆ. ಚದರ ಫೂಟಿಗೆ 90 ರೂಪಾಯಿ ಕೂಲಿ, ದಾರದ ದುಡ್ಡು ಬೇರೆ. ನನ್ನದು ಐದು ಫೂಟು ಅಗಲ, ಏಳು ಫೂಟು ಉದ್ದ. ಅಂದರೆ 35 ಚದರ ಫೂಟಿಗೆ 3,150, ದಾರಕ್ಕೆ 250, ಒಟ್ಟು 3,400. ಅರ್ಧ ಮುಂಗಡ, ನಗದು. ಉಳಿದದ್ದನ್ನು ಮೊಮ್ಮಗನ ಫೋನಿಗೆ ಹಾಕಬಹುದು. ದಾರವನ್ನು ರವಿವಾರ ಪೇಠೆಯಿಂದ ತಾವೇ ಹೋಗಿ ತರುತ್ತಾರೆ, ಬಸ್ಸಿನಲ್ಲಿ. ಮೊಮ್ಮಗನನ್ನು ಕಳಿಸಿದರೆ ಹೊಳಪಿನ ದಾರ ತರುತ್ತಾನಂತೆ.

ಕೆಲಸ ಹೇಗೆ ಮಾಡುತ್ತಾರೆ ಅನ್ನುವುದನ್ನು ಎರಡು ಸಲ ಕೂತು ನೋಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಶಿನ್ ಗೋಧಡಿಗೂ ಇದಕ್ಕೂ ಇರುವ ಅಂತರ ಎಲ್ಲ ಅಲ್ಲೇ ಇದೆ. ಸೀರೆಗಳನ್ನು ಮೊದಲು ಒಗೆದು ಗಂಜಿ ಬಿಡಿಸಿ ಒಣಗಿಸಬೇಕು. ಆರು ಗಜದ ಒಂದು ಸೀರೆಗೆ ನನ್ನ ಅಳತೆಯ ಎರಡು ಪದರು ಸಿಗುತ್ತದೆ. ಒಳಗೆ ಐದು ಪದರು, ಮೇಲೆ ತ್ಯಾಪಿಗಳ, ಅಂದರೆ ತೇಪೆ ತುಂಡುಗಳ, ಒಂದು ಪದರು. ಪದರುಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ಕೈಯಿಂದ ತೀಡಿ, ನಾಲ್ಕು ಮೂಲೆಗೆ ಭಾರ ಇಡುತ್ತಾರೆ. ಒಂದಕ್ಕೆ ಒಳಕಲ್ಲಿನ ಗುಂಡು, ಎರಡಕ್ಕೆ ಹಳೇ ಇಸ್ತ್ರಿ ಪೆಟ್ಟಿಗೆಗಳು, ನಾಲ್ಕನೆಯದಕ್ಕೆ ಬೆಲ್ಲದ ಡಬ್ಬಿ. ಹೊಲಿಗೆ ಅಂಚಿನಿಂದ ಸುರು. ಸುತ್ತು ಹಾಕುತ್ತ ಹಾಕುತ್ತ ಒಳಗೆ ಬಂದು ನಟ್ಟನಡುವೆ ಮುಗಿಯುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹೀಗೇ ಅಂಚಿನಿಂದ ನಡುವಿಗೆ ಬರುತ್ತದೆ, ಅವರು ಮೂಲೆಗಳಿಗೆ ಮುಕ್ಕೋನದ ಬಣ್ಣದ ತುಂಡುಗಳನ್ನು ಹೂವಿನ ಹಾಗೆ ಬಿಡುತ್ತಾರೆ. ಅಕ್ಕಾರಿಗೆ ಅದರ ಫೋಟೋ ತೋರಿಸಿದೆ. ಬಹಳ ಹೊತ್ತು ದೊಡ್ಡದು ಮಾಡಿ ಮಾಡಿ ನೋಡಿ, "ಇವರು ನನಗಿಂತ ಚಲೋ ಹೊಲೀತಾರ" ಅಂದರು. ನನ್ನ ಕೌದಿಗೂ ಮೂಲೆಯಲ್ಲಿ ಮುಕ್ಕೋನ ಬಂತು. ಕೇಳದೆ ಬಂದದ್ದು, ಅದಕ್ಕೆ ಹೆಚ್ಚಿನ ದುಡ್ಡು ತಗೊಳ್ಳಲಿಲ್ಲ.

ನಾನು ಬೆರಗಾದದ್ದು ಕೂರುವ ರೀತಿಗೆ. ಕೌದಿ ಹಾಸಿದ ಜಾಗದಿಂದ ಅಲ್ಲಾಡುವುದಿಲ್ಲ, ಪದರು ಜಾರಬಾರದು. ಆದ್ದರಿಂದ ಹೊಲಿಯುವವರೇ ಅದರ ಸುತ್ತ ಸರಿಯಬೇಕು. ಒಂದು ಕಾಲು ಚಾಚಿ, ಒಂದು ಮಡಚಿ, ಗೇಣು ಗೇಣು ಸರಿಯುತ್ತ ಮೂರು ತಾಸು. "ಕೌದಿ ತಿರುಗಂಗಿಲ್ಲ ತಂಗಿ, ನಾ ತಿರುಗತೇನಿ." ನಡುಮಧ್ಯದ ಹೊಲಿಗೆಗೆ ಕೌದಿಯ ಮೇಲೆಯೇ ಹತ್ತಿ ಕೂರುತ್ತಾರೆ. ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ, ಸೂಜಿಗೆ ದಾರ ತಾವೇ ಪೋಣಿಸುತ್ತಾರೆ. ಪೋಣಿಸಿಕೊಡಲು ಹೋದ ನಾನು ಮೂರು ಸಲ ತಪ್ಪಿದೆ. ನಾನು ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು. ಅವರು ಬಲಗೈಯಲ್ಲಿ ಸೂಜಿ ಹಿಡಿದುಕೊಂಡೇ, ಎಡಗೈ ಒಂದನ್ನೇ ನೆಲಕ್ಕೆ ಊರಿ ಎದ್ದು ಚಹಾ ಇಟ್ಟರು.

ಹೊಲಿಯುತ್ತ ಮಾತಾಡುತ್ತಾರೆ, ಆದರೆ ಸಾಲು ತಿರುಗುವಾಗ ಮಾತು ನಿಲ್ಲುತ್ತದೆ. ಹಾಗೆ ತುಂಡು ತುಂಡಾಗಿ ಕೇಳಿಸಿಕೊಂಡದ್ದು ಇಷ್ಟು. ಊರು ಇಳಕಲ್ಲಿನ ಹತ್ತಿರ. ಪುಣೆಗೆ ಬಂದದ್ದು 1967ರಲ್ಲಿ, ಮದುವೆಯಾದ ವರ್ಷ, 19ನೇ ವಯಸ್ಸಿಗೆ. ವರ್ಷ ಹೇಗೆ ನೆನಪು ಅಂದರೆ ಆ ಡಿಸೆಂಬರಿನಲ್ಲೇ ಕೊಯ್ನಾ ಭೂಕಂಪ ಆಯಿತು. 11ನೇ ತಾರೀಖು, ಬೆಳಗಿನ ಜಾವ. ಗೂಟದ ಮೇಲಿನ ಪಾತ್ರೆಗಳು ಗಲಗಲ ಅಂದವಂತೆ. ದೊಡ್ಡ ಊರಿನಲ್ಲಿ ದಿನಾ ಹೀಗೇ ಇರಬಹುದು ಅಂದುಕೊಂಡು ತವರಿನ ಕೌದಿ ತಲೆ ಮೇಲೆ ಎಳೆದುಕೊಂಡು ಮಲಗಿದರಂತೆ! ಗಂಡ ಕಾರ್ಖಾನೆಯಲ್ಲಿದ್ದರು. ಇವರು ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ಮೂವತ್ತು ವರ್ಷ ಚಪಾತಿ ಲಟ್ಟಿಸಿದರು. 71ಕ್ಕೆ ಬಿಟ್ಟರು. ಸೊಂಟ ನೋವು ಅಂತ ಅಲ್ಲ, ಉರಿಯ ಮುಂದೆ ನಿಂತು ಬೇಜಾರಾಗಿತ್ತು ಅಂತ. ಮರುವರ್ಷವೇ ಲಾಕ್‌ಡೌನ್. ಕೈ ಖಾಲಿ ಕೂರದು, ಮನೆಯಲ್ಲಿ ಹಳೇ ಸೀರೆ ಇದ್ದವು, ಮೊಮ್ಮಗಳಿಗೆ ಒಂದು ಹೊಲಿದರು. ಪಕ್ಕದ ಮನೆಯವರು ಕೇಳಿದರು. ಅಲ್ಲಿಂದ ಇಲ್ಲಿಯ ತನಕ 63 ಕೌದಿ. ಲೆಕ್ಕ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿ ಇಟ್ಟಿದ್ದಾರೆ. ಬ್ಯಾಂಕಿನವಳು ನಾನು, ಎಣಿಸಿ ನೋಡಿದೆ, ಸರಿಯಾಗಿದೆ.

ಇನ್ನು ತಡ ಆದ ಕತೆ. ಮೇ ಎರಡನೇ ವಾರ ಕೊಟ್ಟಿದ್ದೆ. ಜೂನ್ ಕೊನೆಗೆ ಕೊಡುತ್ತೇನೆ ಅಂದಿದ್ದರು. ಫೋನ್ ಮಾಡಿದರೆ ಗಂಟೆ ಬಾರಿಸಿ ನಿಲ್ಲುತ್ತಿತ್ತು. ಮೊಮ್ಮಗನಿಗೆ ವಾಟ್ಸಾಪ್ ಮಾಡಿದರೆ "ನಾಳೆ ಅಂತ ಹೇಳ್ಯಾಳ" ಅಂತ ಬರುತ್ತಿತ್ತು, ಅದೂ ನಾಲ್ಕು ಸಲ. ಕೊನೆಗೆ ಒಂದು ದಿನ ಸಿಟ್ಟು ಬಂದು, ಬೆಳಿಗ್ಗೆ ಐದೂವರೆಗೆ ಪರ್ವತಿ ಹತ್ತುತ್ತಾರೆ ಅಂತ ಗೊತ್ತಿತ್ತಲ್ಲ, ಅಲ್ಲೇ ಹಿಡಿಯೋಣ ಅಂತ ಹೋದೆ.

ಪರ್ವತಿಗೆ 103 ಮೆಟ್ಟಿಲು. ಪುಣೆಯ ಅರ್ಧ ಹಿರಿಯರು ಬೆಳಿಗ್ಗೆ ಅಲ್ಲೇ ಇರುತ್ತಾರೆ. ಕಲ್ಲಿನ ಅಗಲವಾದ ಮೆಟ್ಟಿಲುಗಳು, ನೋಡಲು ಸಾಧು. ಮೊದಲ ಮೂವತ್ತಕ್ಕೆ ನನ್ನ ಬಲಮೊಣಕಾಲು ಮಾತಾಡತೊಡಗಿತು. ಐವತ್ತಕ್ಕೆ ಕೂತೆ. ಅಕ್ಕಾರು ಹಸಿರು ಇಳಕಲ್ ಸೀರೆಯ ಕಚ್ಚೆ ಹಾಕಿ, ಕಾಲಿಗೆ ಬಿಳಿ ಬೂಟು ಹಾಕಿ, ನನ್ನ ಪಕ್ಕದಿಂದ ಹತ್ತಿ ಹೋದರು. ನಾನು ಇನ್ನೊಂದು ಸಲ ಕೂತು ಎದ್ದು ಮೇಲೆ ಮುಟ್ಟುವಷ್ಟರಲ್ಲಿ, ನಾನಾಸಾಹೇಬ ಪೇಶ್ವೆ ಕಟ್ಟಿಸಿದ ದೇವದೇವೇಶ್ವರನಿಗೆ ಕೈಮುಗಿದು, ಇಳಿದು, ಮತ್ತೆ ಹತ್ತಿ ಬರುತ್ತಿದ್ದರು. ಎರಡನೇ ಸುತ್ತು. ಜಗಳ ಆಡಬೇಕೆಂದರೆ ಉಸಿರು ಬೇಕಲ್ಲ. ನನ್ನ ಹತ್ತಿರ ಇರಲಿಲ್ಲ. ಅವರೇ ಪಕ್ಕ ಕೂತು ಸೆರಗಿನ ಗಂಟಿನಿಂದ ಬೆಲ್ಲದ ತುಂಡು ತೆಗೆದು ಕೊಟ್ಟರು.

ತಡ ಯಾಕೆ ಅಂದರೆ, ಮೊದಲನೆಯದಾಗಿ ಕೂಸಿನ ಕೌದಿ. ಅವರ ಓಣಿಯ ಒಬ್ಬಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು, ಮಗುವಿಗೆ ಸಣ್ಣ ಕೌದಿ ಬೇಕಾಯಿತು. ಅವರ ಹತ್ತಿರ ಕೂಸಿನ ಕೌದಿ ಯಾವತ್ತೂ ಮುಂದೆ. "ಕೂಸು ಪಾಳಿ ಹಚ್ಚತೇತೇನು?" ಇದಕ್ಕೆ ನಾನೇನು ಹೇಳಲಿ. ಎರಡನೆಯದು ಮಳೆ, ಸೀರೆ ಒಣಗಲಿಲ್ಲ, ಹಸಿಯ ಮೇಲೆ ಹೊಲಿದರೆ ಒಳಗೆ ಮುಗ್ಗಲು. ಮೂರನೆಯದನ್ನು ಅವರು ಹೇಳಲಿಲ್ಲ, ಮೊಮ್ಮಗ ಆಮೇಲೆ ಹೇಳಿದ. ಜ್ಞಾನೇಶ್ವರರ ಪಾಲಕಿ ಪುಣೆಯಲ್ಲಿ ಮುಕ್ಕಾಂ ಮಾಡಿ ಸಾಸವಡಕ್ಕೆ ಹೊರಡುವ ದಿನ ಇವರೂ ಜೊತೆಗೆ ನಡೆಯುತ್ತಾರೆ, ವರ್ಷವೂ. ಹಡಪಸರ ದಾಟಿ, ದಿವೆ ಘಾಟು ಹತ್ತಿ ಸಾಸವಡ, ವಾರಿಯಲ್ಲಿ, ಅಂದರೆ ಪಂಢರಪುರದ ಪಾದಯಾತ್ರೆಯಲ್ಲಿ, ಉದ್ದದ ದಾರಿಗಳಲ್ಲಿ ಅದೂ ಒಂದು. ಈ ಸಲ ಘಾಟು ಹತ್ತಿದ ಮೇಲೆ ಹಿಮ್ಮಡಿ ಬಾತು, ಯಾರಿಗೂ ಹೇಳದೆ ಬಸ್ಸಿನಲ್ಲಿ ಮನೆಗೆ ಬಂದು, ಬಾತ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಹೊಲಿದಿದ್ದಾರೆ. ಒಂದು ವಾರ ಅರ್ಧ ವೇಗ. ನಾನು ಆ ವಾರವೇ ಮೊಮ್ಮಗನಿಗೆ ಕಟುವಾಗಿ ಬರೆದಿದ್ದೆ. ಬರೆದದ್ದನ್ನು ಅಳಿಸಲು ಹೋದರೆ ಅಷ್ಟರಲ್ಲಿ ಎರಡು ನೀಲಿ ಗೀಟು ಬಿದ್ದಿದ್ದವು.

ಆದರೂ ಹೇಳುತ್ತೇನೆ, ಇದು ವ್ಯವಹಾರದ ದೃಷ್ಟಿಯಿಂದ ಸರಿಯಲ್ಲ. ತಡ ಆಗುತ್ತದೆ ಅಂತ ಒಂದು ಮಾತು ಮೊದಲೇ ತಿಳಿಸಿದ್ದರೆ ನಾನು ನೂರಾ ಮೂರು ಮೆಟ್ಟಿಲು ಹತ್ತುತ್ತಿರಲಿಲ್ಲ. ಇದನ್ನು ಅವರಿಗೂ ಹೇಳಿದೆ. "ಹತ್ತಿದ್ದು ಚಲೋ ಆತಲ್ಲ" ಅಂದರು.

ಬಂದ ಕೌದಿ ಹೇಗಿದೆ? ಒಳಪದರುಗಳೆಲ್ಲ ಹತ್ತಿ, ಮೆತ್ತಗೆ, ಹಳೇ ಸೀರೆಗೆ ಮಾತ್ರ ಬರುವ ಮೆತ್ತಗೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಒಡಲನ್ನು ಒಳಗೆ ಹಾಕಿ ಸೆರಗನ್ನು ಮೇಲಿಗೆ ಉಳಿಸಿದ್ದಾರೆ. ಆ ಸೆರಗಿನಲ್ಲಿ ನೇಯ್ದ ಬಿಳಿ ಕೋಟೆ, ಬಾಚಣಿಗೆಯ ಹಲ್ಲು, ಜೋಳದ ತೆನೆ ಎಲ್ಲ ನಡುವೆ ಒಂದು ಚೌಕವಾಗಿ ಕೂತಿವೆ. ಸುತ್ತ ಅವ್ವನ ಕಂದು ಚೌಕಳಿ, ಅಪ್ಪನ ಹಳೇ ಧೋತರದ ಬಿಳಿ ಪಟ್ಟಿ. ಸೀರೆಗಳ ನಡುವೆ ಧೋತರವೂ ಇತ್ತು ಅನ್ನುವುದು ನನಗೂ ಅಲ್ಲಿ ತನಕ ಗೊತ್ತಿರಲಿಲ್ಲ. ಒಂದು ಗೇಣಿನಲ್ಲಿ 24 ಹೊಲಿಗೆ ಎಣಿಸಿದೆ, ಸಾಲಿಂದ ಸಾಲಿಗೆ ಅರ್ಧ ಇಂಚಿಗೂ ಕಡಿಮೆ. ಇಡೀ ಕೌದಿಗೆ ಅಂದಾಜು 30 ಸಾವಿರ ಹೊಲಿಗೆ ಆಗುತ್ತದೆ. ದಿನಕ್ಕೆ ಮೂರು ತಾಸು, ವಾರಕ್ಕೆ ಆರು ದಿನ, ಆರು ವಾರ ಅಂದರೆ 108 ತಾಸು. ಅಂದರೆ ತಾಸಿಗೆ ಮೂವತ್ತು ರೂಪಾಯಿಯೂ ಬೀಳುವುದಿಲ್ಲ. ದರ ಏರಿಸಿ ಅಂತ ನಾನೇ ಹೇಳಿದೆ. ಜಾಸ್ತಿ ಕೊಟ್ಟವರು ಜಾಸ್ತಿ ಅವಸರ ಮಾಡುತ್ತಾರೆ ಅಂತ ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಹೋಗುವವರು ದಯವಿಟ್ಟು ಚೌಕಾಸಿಯನ್ನಾದರೂ ಮಾಡಬೇಡಿ.

ತೂಕ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಎರಡು ಕಿಲೋಗೆ ನೂರು ಗ್ರಾಂ ಕಡಿಮೆ. ಹೊಚ್ಚಿಕೊಂಡರೆ ಮೈಮೇಲೆ ಯಾರೋ ಕೈ ಇಟ್ಟ ಹಾಗೆ ಇರುತ್ತದೆ, ಒತ್ತುವುದಿಲ್ಲ. ಜುಲೈ ಮಳೆಯ ತಂಪಿಗೆ ಸರಿಹೋಯಿತು, ಫ್ಯಾನ್ ಹಾಕಿಕೊಂಡೂ ಹೊಚ್ಚಬಹುದು. ಬಂದ ಮೊದಲ ದಿನ ನ್ಯಾಫ್ತಲಿನ್ ಗುಳಿಗೆಯ ವಾಸನೆ ಇತ್ತು, ಬಾಲ್ಕನಿಗೆ ಹಾಕಿದ ಮೇಲೆ ಹೋಯಿತು.

ನಾಲ್ಕು ಇಂಚು ಕಡಿಮೆ ಬಂದದ್ದಕ್ಕೆ ಕಾರಣ ಇದೆ, ಹೊಲಿಯುತ್ತ ಹೋದ ಹಾಗೆ ಅರಿವೆ ಜಗ್ಗಿ ಕುಗ್ಗುತ್ತದೆ. ಇದು ಅವರಿಗೆ ಗೊತ್ತು, ಅಳತೆ ಹಿಡಿಯುವಾಗ ಕುಗ್ಗುವುದಕ್ಕೆ ಅಂತ ಬಿಡಬೇಕಿತ್ತು. ಬಿಟ್ಟಿದ್ದೆ, ನಿನ್ನ ಸೀರೆ ಹೆಚ್ಚು ಕುಗ್ಗಿತು ಅಂತ ಅವರು. ಎತ್ತರದ ಗಂಡಸರಿಗೆ ಮಾಡಿಸುವುದಾದರೆ ಏಳೂವರೆ ಫೂಟು ಹೇಳಿ.

ಇನ್ನೊಂದು ಎಚ್ಚರಿಕೆ, ಇಳಕಲ್ಲಿನ ಕೆಂಪು. ಮೊದಲ ಒಗೆತ ತಣ್ಣೀರಲ್ಲಿ, ಉಪ್ಪು ಹಾಕಿ, ಬೇರೆಯಾಗಿ, ಕೈಯಲ್ಲಿ ಅಂತ ಮೂರು ಸಲ ಹೇಳಿ ಕಳಿಸಿದ್ದರು. ನಮ್ಮ ಮನೆಯವರು ಪ್ರೀತಿಯಿಂದ ವಾಷಿಂಗ್ ಮಶಿನ್ನಿಗೆ ಹಾಕಿದರು. ಅಪ್ಪನ ಧೋತರ ಈಗ ಗುಲಾಬಿ. ಇದರಲ್ಲಿ ಅಕ್ಕಾರ ತಪ್ಪಿಲ್ಲ. ಒಣಗಿಸಲು ಇಬ್ಬರು ಬೇಕು, ಒದ್ದೆ ಕೌದಿಯನ್ನು ಒಬ್ಬರೇ ಎತ್ತುವುದು ಆಗದ ಮಾತು.

ಕೌದಿ ಮುಗಿಯುವ ದಿನ ನನ್ನನ್ನು ಕರೆಸಿದ್ದರು. ಕೊನೆಯ ತ್ಯಾಪಿ ಹೊಲಿಯುವ ಮೊದಲು ಅದರ ಕೆಳಗೆ ಮೂರು ಕಾಳು ಜೋಳ ಇಟ್ಟರು. ಕೌದಿ ಹಸಿದಿರಬಾರದಂತೆ. ಉಪವಾಸದ ಕೌದಿ ಹೊಚ್ಚಿಕೊಂಡವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಅವರ ತಾಯಿ ರೊಟ್ಟಿಯ ಚೂರು ಇಡುತ್ತಿದ್ದರು. ಇವರೂ ಮೊದಲು ಅದನ್ನೇ ಇಡುತ್ತಿದ್ದರು, ಆದರೆ ಒಬ್ಬ ಗಿರಾಕಿ ಇರುವೆ ಬಂದವು ಅಂತ ದೂರು ತಂದ ಮೇಲೆ ಕಾಳಿಗೆ ಬದಲಾಯಿಸಿದ್ದಾರೆ. ನಟ್ಟನಡುವೆ ಬೆರಳಿಟ್ಟರೆ ಈಗಲೂ ಮೂರು ಕಾಳು ಸಿಗುತ್ತವೆ. ರಾತ್ರಿ ದೀಪ ಆರಿಸಿದ ಮೇಲೆ ನಾನು ಮುಟ್ಟಿ ನೋಡುತ್ತೇನೆ.

ನೋಡುತ್ತೇನೆ ಅಂದೆನಾ, ನೋಡುತ್ತಿದ್ದೆ. ಗಣೇಶ ಚೌತಿಗೆ ಬೆಂಗಳೂರಿಂದ ಬಂದ ಮಗಳು ಎರಡು ರಾತ್ರಿ ಅದರಲ್ಲಿ ಮಲಗಿ, ಮೂರನೆಯ ದಿನ ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ನಿನಗ ಇನ್ನೊಂದು ಮಾಡಿಸ್ಕೊ ಅಮ್ಮಾ" ಅಂದಳು, ಅಂಗಡಿಯಿಂದ ತರುವಷ್ಟು ಸಲೀಸಾಗಿ. ಅಣ್ಣನಿಗೆ ಹೇಳಿ ಕಾಕುವಿನ ಏಳು ಸೀರೆ ತರಿಸಿದೆ, ಆರು ಪಾಸಾದವು.

ವಿಳಾಸ, ಹೆಸರು ಹಾಕಬೇಡ ಅಂದಿದ್ದಾರೆ. ಮಂದಿ ಹೆಚ್ಚಾದರೆ ಮಾತಾಡುವುದರಲ್ಲೇ ಹೊತ್ತು ಹೋಗುತ್ತದಂತೆ. ಬೇಕಾದವರು ಬೆಳಿಗ್ಗೆ ಆರರೊಳಗೆ ಪರ್ವತಿ ಮೆಟ್ಟಿಲ ಬುಡದಲ್ಲಿ ಹೂ ಮಾರುವವರನ್ನು ಕೇಳಿ, ಬಿಳಿ ಬೂಟಿನ ಆಜಿ ಅಂದರೆ ತೋರಿಸುತ್ತಾರೆ. ಈಗ ಪಾಳಿಯಲ್ಲಿ ಏಳು ಜನ ಇದ್ದೇವೆ, ನಾನು ಏಳನೆಯವಳು. ಅಷ್ಟರಲ್ಲಿ ಯಾರ ಮನೆಯಲ್ಲೂ ಕೂಸು ಹುಟ್ಟದಿದ್ದರೆ ಬರುವ ಯುಗಾದಿಯ ಹೊತ್ತಿಗೆ ನನ್ನ ಸೀರೆ ನೆಲಕ್ಕೆ ಬೀಳಬಹುದು.